ಏಳು ಮನೆಯ ಶುಂಠಿ

ಹೆಬ್ಬಾಲೆ
25-6-2020, ಗುರುವಾರ

ವೀಣಾಳ ಅಪ್ಪನಿಗೆ ಉಷಾ ಮಾಡುವ ನಮಸ್ಕಾರ.

‘ಇಲ್ಲಿ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಅಂತ ಶುರು ಮಾಡಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ಅದನ್ನು ಬರೆದು ಹೊಡೆದು ಹಾಕಿದ್ದೇನೆ, ಮೇಲೆ ಕಾಣುವ ಮಸಿ ಅದೇ. ಜ್ವರ ಕೆಮ್ಮು ಯಾರಿಗೂ ಇಲ್ಲ, ಅಷ್ಟು ಮಾತ್ರ ನಿಜ. ಕ್ಷೇಮವಾಗಿ ಯಾರೂ ಇಲ್ಲ.

ಮದುವೆ ನಿಶ್ಚಯವಾದಾಗ ನಿಮಗೊಂದು ಕಾಗದ ಬರೆದಿದ್ದೆ. ನೀವು ನಾಲ್ಕು ಸಾಲಿನ ಉತ್ತರ ಕಳಿಸಿದಿರಿ, ಅದರಲ್ಲಿ ಒಂದು ಸಾಲು ಆ ವಾರದ ಶುಂಠಿ ರೇಟಿನದು. ಅದು ಬಿಟ್ಟರೆ ಇದೇ ಎರಡನೆಯದು. ಫೋನ್ ಇರುವಾಗ ಕಾಗದ ಯಾಕೆ ಅನ್ನಬೇಡಿ. ಭಾನುವಾರ ನಿಮ್ಮ ಫೋನ್ ಬಂದರೆ ಮೊದಲು ಅತ್ತೆ ಮಾತಾಡುತ್ತಾರೆ, ಆಮೇಲೆ ವೀಣಾ. ನನ್ನ ಕೈಗೆ ಬರುವಷ್ಟರಲ್ಲಿ ನಿಮ್ಮ ಫೋನಿನ ಚಾರ್ಜ್ ಮುಗಿದಿರುತ್ತದೆ. ಮೂರು ತಿಂಗಳಿಂದ ಪ್ರತಿ ಭಾನುವಾರ ಸರಿಯಾಗಿ ನನ್ನ ಸರದಿಗೇ ಮುಗಿಯುವ ಈ ಚಾರ್ಜ್ ಎಂಥದ್ದೋ ಆ ದೇವರಿಗೇ ಗೊತ್ತು. ನಾಳೆ ನಿಮ್ಮ ಡ್ರೈವರ್ ಕುಟ್ಟಪ್ಪ ಲಾರಿಗೆ ಕಾಳುಮೆಣಸು ತುಂಬಿಕೊಂಡು ಕೋಲ್ಕತ್ತಾ ಕಡೆಗೆ ಹೊರಡುತ್ತಾನಂತೆ. ಅಲ್ಲಿಂದ ಬಾಂಗ್ಲಾ ಗಡಿಯವರೆಗೂ ಬಂದು ನಿಮ್ಮ ಕೈಗೇ ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದಾನೆ. ಕಾಗದಕ್ಕೆ ಚಾರ್ಜ್ ಬೇಕಾಗಿಲ್ಲ, ಅರ್ಧಕ್ಕೆ ಬಿಡಲು ನಿಮಗೆ ನೆಪ ಸಿಗುವುದಿಲ್ಲ.

ಹೇಳಬೇಕಾದದ್ದು ಒಂದೇ ವಿಷಯ. ಅದನ್ನು ಬರೆಯಲು ಬೆಳಗ್ಗೆಯಿಂದ ಮೂರು ಸಲ ಕೂತು ಮೂರು ಸಲ ಎದ್ದಿದ್ದೇನೆ. ಒಮ್ಮೆ ಮೋಟರ್ ನೋಡಿ ಬಂದೆ, ಅದು ಸರಿಯಾಗಿಯೇ ಇತ್ತು. ಒಮ್ಮೆ ಸುಮ್ಮನೆ ನಾಲೆಯವರೆಗೆ ನಡೆದು ತಿರುಗಿ ಬಂದೆ. ಒಮ್ಮೆ ಅತ್ತೆ ಬಂದು ‘ಏನ್ ಬರೀತಿದ್ಯವ್ವ’ ಅಂದರು, ‘ಹೆಂಗಸರ ಕೂಲಿ ಚೀಟಿ’ ಅಂದೆ. ಸುಳ್ಳು ನನಗೆ ಈಗೀಗ ಎಷ್ಟು ಸಲೀಸಾಗಿ ಬರುತ್ತದೆ ನೋಡಿ.

ಮೊದಲು ಊರಿನ ಮಾತು ಕೇಳಿ. ನೀವು ಅಲ್ಲಿ ಕೂತು ಏನೇನು ಊಹಿಸಿಕೊಂಡಿದ್ದೀರೋ, ಇಲ್ಲಿ ಅದಕ್ಕಿಂತ ಕೆಟ್ಟದಾಗಿದೆ.

ಈ ತಿಂಗಳ ಮೊದಲ ವಾರ ಕಳೆಯುತ್ತಿದ್ದಂತೆ ಗಡಿ ತೆರೆದು ಲಾರಿ ಬಿಡುತ್ತಿದ್ದಾರೆ ಅಂತ ಸುದ್ದಿ ಬಂತಲ್ಲ, ಅಲ್ಲಿಯವರೆಗೆ ‘ಪಾಪ, ಸಿಕ್ಕಾಕ್ಕಂಡವ್ನೆ’ ಅನ್ನುತ್ತಿದ್ದವರು ಆವತ್ತಿನಿಂದ ‘ಇನ್ನೂ ಯಾಕೆ ಬರ್ಲಿಲ್ಲ’ ಅನ್ನತೊಡಗಿದರು. ರಂಜಾನ್ ತಿಂಗಳಲ್ಲಿ ಬಾಂಗ್ಲಾದಲ್ಲಿ ಶುಂಠಿಗೆ ಬಂದಿದ್ದ ಬೆಲೆ ಈಗ ಇಡೀ ಹೆಬ್ಬಾಲೆಗೆ ಬಾಯಿಪಾಠ. ಚೀನಾದಿಂದ ಬರುವುದು ನಿಂತು, ನಮ್ಮಿಂದ ಹೋಗುವುದೂ ನಿಂತು, ಅಲ್ಲಿ ಕಿಲೋಗೆ ಮುನ್ನೂರು ಟಾಕಾ ದಾಟಿತ್ತು ಅಂತ ಯಾರದ್ದೋ ಮೊಬೈಲಿಗೆ ಬಂದದ್ದು ಎಲ್ಲರ ಮೊಬೈಲನ್ನೂ ಸುತ್ತಿದೆ. ಅದೇ ಹೊತ್ತಿಗೆ ಇಲ್ಲಿ ಕೇಳುವವರಿಲ್ಲದೆ ಜನ ಶುಂಠಿಯನ್ನು ಹೊಲದಲ್ಲೇ ಬಿಟ್ಟಿದ್ದರು. ಒಂದು ದೇಶದಲ್ಲಿ ಕೇಳುವವರಿಲ್ಲ, ಪಕ್ಕದ ದೇಶದಲ್ಲಿ ಕಷಾಯಕ್ಕೂ ಇಲ್ಲ, ನಡುವೆ ಒಂದು ಗೇಟು. ಆ ಗೇಟಿನ ಹತ್ತಿರ ನೀವು ಇದ್ದಿರಿ, ನಿಮ್ಮ ಹತ್ತಿರ, ದುಡ್ಡು ಆಮೇಲೆ ಅಂತ ನಂಬಿ ಕೊಟ್ಟ ಏಳು ಮನೆಯ ಶುಂಠಿ ಇತ್ತು. ಇಷ್ಟು ಸಾಕು ಊರಿಗೆ.

ವೀಣಾ ಸೆಕೆಂಡ್ ಪಿಯುಸಿಯ ಅರ್ಥಶಾಸ್ತ್ರದಲ್ಲಿ ‘ವ್ಯಾಪಾರ ಶಿಲ್ಕು’ ಅಂತ ಓದುತ್ತಿದ್ದಾಳೆ. ನಾವು ಬಾಂಗ್ಲಾಕ್ಕೆ ಕಳಿಸುವುದು ಜಾಸ್ತಿ, ಅವರು ನಮಗೆ ಕಳಿಸುವುದು ಕಡಿಮೆ, ಹಾಗಾಗಿ ಶಿಲ್ಕು ನಮ್ಮ ಕಡೆಗಿದೆ ಅಂತ ಅಜ್ಜಿಗೆ ವಿವರಿಸುತ್ತಿದ್ದಳು. ಅತ್ತೆ ಎಲೆ ಅಡಿಕೆ ಮೆಲ್ಲುತ್ತಾ ಎಲ್ಲ ಕೇಳಿ, ‘ನಮ್ ಕಡೀಕ್ ಐತೆ ಅಂತೀಯಲ್ಲ, ಎಲ್ಲೈತೆ ತೋರ್ಸು’ ಅಂದರು. ನಗು ಬಂತು. ಆದರೆ ಆವತ್ತೇ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಮೇಷ್ಟ್ರು ಒಂದು ಉದಾಹರಣೆ ಕೇಳಿದಾಗ ಇವಳು ‘ಶುಂಠಿ’ ಅಂತ ಹಾಕಿದಳಂತೆ, ಯಾವುದೋ ಹುಡುಗಿ ‘ನಿಮ್ಮಪ್ಪ ಓಡಿಸಿಕೊಂಡು ಹೋಗಿದ್ದಾ?’ ಅಂತ ಕೆಳಗೆ ಬರೆದಳಂತೆ. ಮಗಳು ನನಗೆ ಹೇಳಲಿಲ್ಲ. ಫೋನ್ ಅಲ್ಲೇ ಬಿಟ್ಟು ಹೋಗಿದ್ದಳು, ನಾನೇ ನೋಡಿದೆ.

ಹೋದ ವಾರ ಅತ್ತೆ ಡೇರಿಗೆ ಹಾಲು ಹಾಕಲು ಹೋಗಿದ್ದರು. ನಿಮ್ಮ ಕೆಂಪಣ್ಣ ಚಿಕ್ಕಪ್ಪ ಸಾಲಿನಲ್ಲಿ ನಿಂತಿದ್ದರಂತೆ. ಆ ಲೋಡಿನಲ್ಲಿ ಅವರದ್ದೇ ನಲವತ್ತು ಚೀಲ, ನೀವು ಮೊದಲು ಹೋಗಿ ಒಪ್ಪಿಸಿದ್ದೂ ಅವರನ್ನೇ. ಎಲ್ಲರ ಮುಂದೆ, ‘ಅತ್ತಿಗೆ, ನಿನ್ ಮಗ ಬಾಂಗ್ಲಾದಲ್ಲಿ ಅಂಗ್ಡಿ ಇಟ್ಟವ್ನಂತೆ, ನಮ್ ಶುಂಠೀಲಿ’ ಅಂದರಂತೆ. ಅತ್ತೆ ತುಂಬಿದ ಕ್ಯಾನನ್ನು ಹಾಗೇ ಹೊತ್ತು ವಾಪಸ್ ಬಂದರು. ಅವತ್ತಿನಿಂದ ಡೇರಿಗೆ ಹೋಗಿಲ್ಲ, ನನ್ನನ್ನೂ ಹೋಗಬಿಡುತ್ತಿಲ್ಲ. ಮನೆಯಲ್ಲಿ ಎಲ್ಲಿ ನೋಡಿದರೂ ಮೊಸರು. ಮೂರು ಹೊತ್ತೂ ಮಜ್ಜಿಗೆ ಹುಳಿ, ತಂಬುಳಿ. ಬೆಕ್ಕು ಕೂಡ ಬೇಸತ್ತಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ, ನಿಮ್ಮದು ಶುಂಠಿಗೆ ಹೋಗಿದೆ.

ಊರಿನವರು ಸುಮ್ಮನೆ ಹೇಳುತ್ತಿಲ್ಲ ಎನ್ನುವುದೇ ನನ್ನ ಸಂಕಟ. ಅವರ ಕೈಯಲ್ಲಿ ಸಾಕ್ಷಿ ಇದೆ. ಶುಂಠಿ ತೊಳೆಯುವ ನನ್ನ ಕಣದ ದೊಡ್ಡ ಗಿರಾಕಿ ಶಿವಶಂಕರಪ್ಪನವರ ಲೋಡು ನಿಮ್ಮ ಹಿಂದೆ ಮೂರು ದಿನಕ್ಕೆ ಹೊರಟದ್ದು. ಅದೇ ಗಡಿಗೆ ಹೋಯಿತು, ಅದೇ ಸಾಲಿನಲ್ಲಿ ನಿಂತಿತು, ಬಾಗಿಲು ತೆಗೆಯುವುದಿಲ್ಲ ಅಂತ ಗೊತ್ತಾದ ಮೇಲೆ ಹಿಂದಕ್ಕೆ ತಿರುಗಿಸಿ ಕೋಲ್ಕತ್ತಾದಲ್ಲಿ ಮಾರಿ ಏಪ್ರಿಲ್ ಕೊನೆಗೆ ಲಾರಿ ಮನೆಗೆ ಬಂತು. ಒಂದೇ ಊರಿನ ಶುಂಠಿ, ಒಂದೇ ಕಣದಲ್ಲಿ ತೊಳೆದದ್ದು, ಅವರದ್ದು ಮಾರಾಟವಾದರೆ ಇವನದ್ದು ಯಾಕಾಗಲಿಲ್ಲ ಅಂತ ಜನ ಕೇಳುತ್ತಾರೆ. ಅವರ ಜಾಗದಲ್ಲಿ ಇದ್ದಿದ್ದರೆ ನಾನೂ ಕೇಳುತ್ತಿದ್ದೆ.

ನಿಮ್ಮದು ಯಾಕೆ ಆಗಲಿಲ್ಲ ಅಂತ ನನಗೆ ಗೊತ್ತು.

ಹೌದು, ಗೊತ್ತು. ಮೇ ತಿಂಗಳಲ್ಲಿ ಕುಟ್ಟಪ್ಪ ಖಾಲಿ ಲಾರಿ ತಂದವನು ಹದಿನಾಲ್ಕು ದಿನ ಕುಶಾಲನಗರದ ಹಾಸ್ಟೆಲಿನಲ್ಲಿ ಕ್ವಾರಂಟೈನ್ ಮುಗಿಸಿ, ನೆಲ್ಯಹುದಿಕೇರಿಯ ತನ್ನ ಮನೆಗೂ ಹೋಗದೆ ನೇರ ನಮ್ಮ ಕಣಕ್ಕೆ ಬಂದ. ಯಾರಿಗೂ ಹೇಳಬಾರದು, ಮುಖ್ಯವಾಗಿ ಉಷಾಗೆ ಹೇಳಬಾರದು ಅಂತ ನೀವು ಆಣೆ ಹಾಕಿಸಿಕೊಂಡಿದ್ದೀರಂತೆ. ನಾನು ಒಂದು ಲೋಟ ಕಾಫಿ ಕೊಟ್ಟು ಎದುರಿಗೆ ಕೂತೆ, ಅಷ್ಟೇ. ಅವನ ಮೇಲೆ ರೇಗಬೇಡಿ. ‘ಎಂತ ಮಾಡೋದಕ್ಕ, ಹೇಳದೆ ಇದ್ರೆ ನಂಗೆ ಊಟ ಸೇರಲ್ಲ’ ಅಂದು ಎಲ್ಲ ಹೇಳಿದ.

ಒಂಬತ್ತನೇ ದಿನ ಟಾರ್ಪಾಲು ಬಿಚ್ಚಿದಾಗ ಚೀಲದಿಂದ ಹಬೆ ಎದ್ದಿತಂತೆ. ಮುಟ್ಟಿದರೆ ಬಿಸಿ. ನೀವು ಒಂದು ಚೀಲ ಹರಿದು ಮೊಣಕೈವರೆಗೆ ಕೈ ಹಾಕಿ ಹೊರಗೆ ತೆಗೆದು, ಆ ಕೈಯನ್ನೇ ನೋಡುತ್ತಾ ರಸ್ತೆಯಲ್ಲೇ ಕೂತುಬಿಟ್ಟಿರಂತೆ. ಆಮೇಲೆ ಮೂರು ದಿನ ಒಬ್ಬರೇ ನೂರ ಅರವತ್ತು ಚೀಲ ಸುರಿದು ಗಟ್ಟಿಯಿದ್ದದ್ದನ್ನು ಆರಿಸಿದಿರಂತೆ, ಸಿಕ್ಕಿದ್ದು ಎರಡು ಚೀಲ. ಅದನ್ನು ಅಲ್ಲಿ ಲಾರಿಯವರಿಗೆ ಗಂಜಿ ಬೇಯಿಸಿ ಹಾಕುತ್ತಿದ್ದ ಹೆಂಗಸರಿಗೆ ಕೊಟ್ಟಿರಿ. ಉಳಿದದ್ದಕ್ಕೆ ಗುಂಡಿ ತೋಡಿಸಿದಿರಿ. ಏಳು ಮನೆಯವರು ತಮ್ಮ ತಮ್ಮ ಚೀಲಕ್ಕೆ ಕಟ್ಟಿದ್ದ ಬಣ್ಣದ ದಾರಗಳನ್ನು ಮಾತ್ರ ಬಿಚ್ಚಿ ಜೇಬಿಗೆ ಹಾಕಿಕೊಂಡಿರಂತೆ. ಇದನ್ನು ಹೇಳುವಾಗ ಕುಟ್ಟಪ್ಪ ಅತ್ತ, ನಾನೂ ಅತ್ತುಬಿಟ್ಟೆ.

ಈಗ ನೀವು ಯಾವುದೋ ಲಾರಿ ಪಾರ್ಕಿಂಗಿನಲ್ಲಿ, ಗಡಿ ದಾಟಲು ಕಾಯುವ ಲಾರಿಗಳ ಸೀರಿಯಲ್ ನಂಬರ್ ಬರೆಯುವ ರೈಟರ್ ಆಗಿದ್ದೀರಿ, ಏಳು ಮನೆಯ ಬೆಲೆ ದುಡಿದು ತಾರದೆ ಊರಿಗೆ ಕಾಲಿಡುವುದಿಲ್ಲ ಅಂದಿದ್ದೀರಿ. ಯಾಕೆಂದರೆ ತಪ್ಪು ನಿಮ್ಮದಂತೆ. ಗಡಿ ಮುಟ್ಟುವ ಹಿಂದಿನ ದಿನ ಕೋಲ್ಕತ್ತಾದ ವ್ಯಾಪಾರಿಯೊಬ್ಬ ಇಡೀ ಲೋಡು ಕೇಳಿದ್ದನಂತೆ. ನೀವು ‘ಇಲ್ಲ, ಆಚೆ ರಂಜಾನ್ ಬರುತ್ತಿದೆ, ಆಚೆಗೇ ಕೊಡುತ್ತೇನೆ’ ಅಂದಿರಂತೆ. ಆಸೆಬುರುಕತನದಿಂದ ಏಳು ಮನೆ ಮುಳುಗಿಸಿದೆ ಅಂತ ಅದನ್ನೇ ಜಪ ಮಾಡುತ್ತಿದ್ದೀರಂತೆ. ಊರಿಗೆ ಕೊಳೆತದ್ದನ್ನು ಹೇಳಲು ನಾಚಿಕೆ, ಅದಕ್ಕೆ ‘ನೋಡೋಣ, ಗಡಿ ತೆಗೀಲಿ’ ಅಂತ ತೇಲಿಸುತ್ತಾ ಬಂದಿರಿ. ಆ ತೇಲಿಸಿದ ಮಾತೇ ನಿಮ್ಮನ್ನು ಕಳ್ಳನನ್ನಾಗಿ ಮಾಡಿದೆ.

ಸ್ವಲ್ಪ ತಲೆ ಓಡಿಸಿ. ಆ ವ್ಯಾಪಾರಿ ಚೀಲ ಬಿಚ್ಚಿ ನೋಡದೆ ಕೊಳ್ಳುತ್ತಿದ್ದನೇ? ಎಂಟನೇ ದಿನ ಬಿಚ್ಚಿದ್ದರೂ ಅದೇ ಹಬೆ ಏಳುತ್ತಿತ್ತು. ಚೆನ್ನಾಗಿ ನೀರಾರಿದ ಶುಂಠಿ ಎಂಟು ಒಂಬತ್ತು ದಿನಕ್ಕೆ ಬಿಸಿಯಾಗುವುದಿಲ್ಲ. ಶಿವಶಂಕರಪ್ಪನವರದ್ದು ಹನ್ನೊಂದನೇ ದಿನ ಮಾರಾಟವಾಗಿದೆ. ಇಪ್ಪತ್ತು ವರ್ಷ ಶುಂಠಿ ವ್ಯಾಪಾರ ಮಾಡಿದವರಿಗೆ ಇಷ್ಟು ಹೊಳೆಯಲಿಲ್ಲವೇ? ಹೊಳೆದಿರುತ್ತದೆ. ಆದರೆ ನೀವು ನನ್ನನ್ನು ಕೇಳಿದ್ದಿರಿ, ನಾನು ಉತ್ತರ ಕೊಟ್ಟಿದ್ದೆ, ಆ ಉತ್ತರದ ಮೇಲೆ ನಿಮಗೆ ಅನುಮಾನ ಬರಲಿಲ್ಲ. ಅದನ್ನು ನೆನೆದರೆ ನನಗೆ ಎಲ್ಲೂ ನಿಲ್ಲಲಾಗುವುದಿಲ್ಲ.

ಮಾರ್ಚ್ ಇಪ್ಪತ್ತು, ಶುಕ್ರವಾರ. ಹಿಂದಿನ ದಿನ ಕೊಡಗಿನ ಮೊದಲ ಕೇಸು ಬಂದಿತ್ತು. ಕೊಪ್ಪ ಗೇಟು ಮುಚ್ಚುತ್ತಾರೆ, ಜಿಲ್ಲೆಯಿಂದ ಲಾರಿ ಹೊರಗೆ ಬಿಡುವುದಿಲ್ಲ ಅಂತ ಗಲಾಟೆ. ನೀವು ಲೋಡಿನ ಕಾಗದಪತ್ರಕ್ಕೆಂದು ಮೈಸೂರಿಗೆ ಹೋಗಿದ್ದಿರಿ. ಗುರುವಾರ ನಾವು ಏಳು ಮನೆಯ ಶುಂಠಿ ತೊಳೆದೆವು. ಬೇರೆ ದೇಶಕ್ಕೆ ಹೋಗುವ ಮಾಲಿನಲ್ಲಿ ನಮ್ಮ ಮಣ್ಣಿನ ಚೂರೂ ಇರಬಾರದು, ಇದ್ದರೆ ಗಡಿಯಲ್ಲೇ ವಾಪಸ್ ಅಂತ ನೀವು ಹತ್ತು ಸಲ ಹೇಳಿದ್ದಿರಿ. ಮಣ್ಣಿನಲ್ಲಿದ್ದರೆ ಶುಂಠಿ ತಿಂಗಳುಗಟ್ಟಲೆ ತಡೆಯುತ್ತದೆ, ತೊಳೆದ ಮೇಲೆ ಅದರ ಆಯುಷ್ಯವೆಲ್ಲ ಆರಿಸುವವರ ಕೈಯಲ್ಲಿ. ನೆರಳಿನಲ್ಲಿ ಹರಡಿ ಒಂದು ಹಗಲು ಒಂದು ರಾತ್ರಿ ಬಿಡಬೇಕು, ಗೆಡ್ಡೆಯ ಬೆರಳುಗಳ ಸಂದಿಯಲ್ಲಿ ನೀರಿನ ಪಸೆ ಉಳಿಯಬಾರದು. ಇದನ್ನು ನನ್ನ ಹೆಂಗಸರಿಗೆಲ್ಲ ಕಲಿಸಿದವಳು ನಾನೇ.

ಮೊದಲು ನಾನು ನನಗೇ ಹೇಳಿಕೊಂಡದ್ದು, ಗೇಟು ಮುಚ್ಚುವ ಭಯಕ್ಕೆ ಅವಸರ ಮಾಡಿದೆ ಅಂತ. ಏಪ್ರಿಲ್ ತಿಂಗಳಿಡೀ ಅದನ್ನೇ ನಂಬಿಕೊಂಡಿದ್ದೆ. ಅದು ಸುಳ್ಳು. ಶುಕ್ರವಾರ ಬೆಳಗ್ಗೆ ಶಿವಶಂಕರಪ್ಪನವರು ತಾವೇ ಬಂದರು. ಅವರ ಲೋಡು ತೊಳೆದಾಗಿತ್ತು, ಹರಡಲು ಜಾಗವಿರಲಿಲ್ಲ. ಕಣದ ತುಂಬ ನಮ್ಮದು. ಅವರು ಬಾಯಿಬಿಟ್ಟು ಕೇಳಲೂ ಇಲ್ಲ, ಸುಮ್ಮನೆ ಅಂಚಿನಲ್ಲಿ ನಿಂತು, ‘ಏನಮ್ಮ, ಜಾಗ ಇಲ್ವಾ?’ ಅಂದರು. ವರ್ಷದ ಅರ್ಧ ಕೆಲಸ ಕೊಡುವ ಗಿರಾಕಿ. ನಾನು ತಿರುಗಿ ನೋಡಲಿಲ್ಲ, ಕಣದಲ್ಲಿ ಕೆಲಸಕ್ಕಿದ್ದ ಮುತ್ತಿಗೆ ‘ನಮ್ದು ಚೀಲಕ್ಕೆ ತುಂಬು’ ಅಂದುಬಿಟ್ಟೆ. ಮನೆಯವರದ್ದಲ್ಲವಾ, ಸುಧಾರಿಸಿಕೊಳ್ಳುತ್ತಾರೆ ಅನ್ನಿಸಿತು. ಹೊರಗಿನವರಿಗೆ ಮೊದಲು ಬಡಿಸಿ ಮನೆಯವರಿಗೆ ತಳ ಕೆರೆದು ಹಾಕುವುದು ನನಗೆ ಎಷ್ಟು ರೂಢಿ ಅಂದರೆ, ಅನ್ನಕ್ಕೂ ಶುಂಠಿಗೂ ವ್ಯತ್ಯಾಸ ತಿಳಿಯಲಿಲ್ಲ. ಮುತ್ತಿ ಒಂದು ಗೆಡ್ಡೆ ಮುರಿದು ನನ್ನ ಮುಂದೆ ಹಿಡಿದು, ‘ಅಕ್ಕಾ, ಇನ್ನೂ ಪಸೆ ಉಂಟಲ್ಲ’ ಅಂದಳು. ‘ತುಂಬು ಅಂದ್ನಲ್ಲ’ ಅಂತ ಗದರಿದೆ.

ಇದೂ ಪೂರ್ತಿ ಅಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ಮೂರು ತಿಂಗಳಿಂದ ಹೆಗಲು ಮುಟ್ಟಿಕೊಳ್ಳುತ್ತಲೇ ಇದ್ದೇನೆ. ಹೇಳಿಬಿಡುತ್ತೇನೆ. ನನಗೆ ನಿಮ್ಮ ಮೇಲೆ ಸಿಟ್ಟಿತ್ತು. ಏಳು ಮನೆಯವರನ್ನು ಒಪ್ಪಿಸುವಾಗ ನೀವು ‘ತೊಳೆಯೋದು ಆರಿಸೋದು ನಮ್ಮ ಕಣದಲ್ಲೇ, ಬಿಟ್ಟಿ’ ಅಂತ ಮಾತು ಕೊಟ್ಟು ಬಂದಿರಿ. ನನ್ನನ್ನು ಒಂದು ಮಾತು ಕೇಳಲಿಲ್ಲ. ನಾಲೆ ಪಕ್ಕದ ಆ ಕಲ್ಲುಗುಡ್ಡೆಯನ್ನು ಒಂದು ಹಳೇ ಮೋಟರಿಟ್ಟುಕೊಂಡು ಕಣ ಮಾಡಿದವಳು ನಾನು. ನೀರು ಕೆಡುತ್ತದೆ ಅಂತ ಪಂಚಾಯಿತಿ ನೋಟಿಸ್ ಕೊಟ್ಟಾಗ ಓಡಾಡಿ ಇಂಗುಗುಂಡಿ ತೋಡಿಸಿದವಳೂ ನಾನೇ. ಅದನ್ನು ನೀವು ನಿಮ್ಮ ಅಂಗಳದ ಹಾಗೆ ದಾನ ಮಾಡಿ ಬಂದಿರಿ. ಶಿವಶಂಕರಪ್ಪನವರು ಅಂಚಿನಲ್ಲಿ ನಿಂತಾಗ ನನಗೆ ಒಳಗೆ ಒಂಥರಾ ಖುಷಿಯೇ ಆಯಿತು. ಕಣ ಯಾರದ್ದು ಅಂತ ಇವತ್ತು ಗೊತ್ತಾಗಲಿ ಅನ್ನಿಸಿತು. ಆ ಒಂದು ಗಳಿಗೆಯ ಖುಷಿಯ ಬೆಲೆ ಇದು.

ಮಧ್ಯಾಹ್ನ ನೀವು ಮೈಸೂರಿನಿಂದ ಫೋನ್ ಮಾಡಿದಿರಿ. ‘ಚೆನ್ನಾಗಿ ಆರಿದೆಯಾ?’ ಅಂದಿರಿ. ‘ಆರಿದೆ’ ಅಂದೆ. ಎದುರಿಗೆ ಮುತ್ತಿ ಚೀಲದ ಬಾಯಿ ಹೊಲಿಯುತ್ತಿದ್ದಳು, ಅವಳು ತಲೆಯೆತ್ತಿ ನನ್ನನ್ನು ನೋಡಿದಳು, ನಾನು ಆ ಕಡೆ ತಿರುಗಿಕೊಂಡೆ. ನೀವು ಸಂಜೆ ಕೊಪ್ಪದಲ್ಲಿ ಲಾರಿ ಹತ್ತಿದಿರಿ, ಟಾರ್ಪಾಲು ಕಟ್ಟಿಯಾಗಿತ್ತು. ಬಿಚ್ಚಿ ನೋಡುವ ಅಗತ್ಯ ನಿಮಗೆ ಕಾಣಲಿಲ್ಲ.

ಕುಟ್ಟಪ್ಪ ಬಂದು ಹೇಳಿದ ದಿನವೇ ಊರಿಗೆ ಹೇಳಬೇಕಿತ್ತು. ಆಗಿ ತಿಂಗಳ ಮೇಲಾಯಿತು. ಯಾಕೆ ಹೇಳಲಿಲ್ಲ ಅಂತ ನೀವು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ‘ಉಷಕ್ಕನ ಕಣದ ಶುಂಠಿ ಕೊಳೆಯಲ್ಲ’ ಅಂತ ಪಿರಿಯಾಪಟ್ಟಣದವರೆಗೆ ಮಾತಿದೆ. ಆ ಮಾತು ನನಗೆ ನನ್ನ ಹೆಸರಿಗಿಂತ ದೊಡ್ಡದು. ಶಿವಶಂಕರಪ್ಪನವರು ವಾಪಸ್ ಬಂದು ಎಲ್ಲರ ಎದುರು ‘ಈಯಮ್ಮನ ಕಣದಲ್ಲಿ ಆರಿಸಿದ್ದಕ್ಕೇ ನಮ್ಮ ಮಾಲು ಉಳೀತು’ ಅಂತ ಹೊಗಳಿದರು. ನಾನು ಕೈಮುಗಿದು ನಿಂತಿದ್ದೆ. ಹನ್ನೊಂದು ಹೆಂಗಸರು ಈ ಕಣ ನಂಬಿಕೊಂಡಿದ್ದಾರೆ ಅಂತಲೂ ಒಂದು ನೆಪ ಇಟ್ಟುಕೊಂಡಿದ್ದೇನೆ. ಅದು ನಿಜವೇ, ಆದರೆ ನೆಪವೂ ಹೌದು. ನಿಮ್ಮ ಮಾನ ಹೋಗುತ್ತಿದ್ದರೆ ನಾನು ನನ್ನ ಮಾನ ಕಾಯ್ದುಕೊಂಡು ಕೂತಿದ್ದೇನೆ. ಮೊಸರು ಕಡೆಯುತ್ತಾ ಅತ್ತೆ ‘ನನ್ ಮಗ ಅಂಥೋನಲ್ಲ ಅಂತ ನೀನಾದ್ರೂ ಹೇಳವ್ವ’ ಅಂದಾಗಲೂ ನಾನು ಬಾಯಿಬಿಡಲಿಲ್ಲ. ಇಷ್ಟು ಕೆಟ್ಟವಳು ಅಂತ ನನಗೇ ಗೊತ್ತಿರಲಿಲ್ಲ.

ಮುತ್ತಿ ದಿನಾ ಬರುತ್ತಾಳೆ, ಕೆಲಸ ಮಾಡುತ್ತಾಳೆ, ಹೋಗುತ್ತಾಳೆ. ಮೊದಲು ಮಧ್ಯಾಹ್ನ ನನ್ನ ಪಕ್ಕ ಕೂತು ಬುತ್ತಿ ಬಿಚ್ಚುತ್ತಿದ್ದವಳು ಈಗ ನಾಲೆ ಏರಿಯ ಮೇಲೆ ಹೋಗಿ ಕೂರುತ್ತಾಳೆ. ದೂರ ದೂರ ಕೂರಬೇಕು ಅಂತ ಸರ್ಕಾರವೇ ಹೇಳಿದೆಯಲ್ಲ ಅಂತ ನಾನು ಸಮಾಧಾನ ಮಾಡಿಕೊಳ್ಳುತ್ತೇನೆ.

ಇನ್ನೊಂದು. ನಿಮ್ಮ ಹಳೇ ಕಂದು ಸ್ವೆಟರನ್ನು ನಾನೇ ಹಾಕಿಕೊಂಡು ಓಡಾಡುತ್ತಿದ್ದೇನೆ. ವೀಣಾ ‘ಅಮ್ಮಾ, ತೂತು ಬಿದ್ದಿದೆ, ಬಿಸಾಕು’ ಅನ್ನುತ್ತಾಳೆ. ಮಳೆ ಹಿಡಿದಿದೆ, ಚಳಿ ಅನ್ನುತ್ತೇನೆ. ಚಳಿಗಲ್ಲ. ಊಟಕ್ಕೆ ಕೂತಾಗ ಗೋಡೆ ಕಡೆಯ ನಿಮ್ಮ ಜಾಗ ಬಿಟ್ಟೇ ಕೂರುತ್ತೇನೆ. ಸಿಟ್ಟಿದ್ದರೂ ನೀವು ಎದುರಿಗಿರಬೇಕು, ಎದುರಿಗಿದ್ದರೆ ತಾನೇ ಸಿಟ್ಟು ಮಾಡಲು ಆಗುವುದು.

ಎಲ್ಲ ಹೇಳಿಯಾಯಿತು. ಈಗ ಏನು ಮಾಡಲಿ ಅಂತ ನೀವೇ ಹೇಳಿ. ಊರಿಗೆ ಹೇಳು ಅಂದರೆ ಹೇಳುತ್ತೇನೆ. ಬೇಡ, ನಾನು ಬಂದ ಮೇಲೆ ಇಬ್ಬರೂ ಕೂತು ಯೋಚಿಸೋಣ ಅಂದರೆ ಹಾಗೇ ಆಗಲಿ. ಕುಟ್ಟಪ್ಪನ ಫೋನಿನಿಂದ ಒಂದು ಮಾತು ಹೇಳಿದರೂ ಸಾಕು. ನೀವು ಹೇಳಿದ ಹಾಗೆ ಮಾಡುತ್ತೇನೆ. ಆದರೆ ಅಲ್ಲಿ ನಂಬರ್ ಬರೆಯುತ್ತಾ ಕೂತು ಮಾಡದ ತಪ್ಪಿಗೆ ದಂಡ ತೆರಬೇಡಿ. ಆ ದಂಡ ನನ್ನದು.

ಮಾಸ್ಕ್ ತೆಗೆಯಬೇಡಿ. ಬಿಸಿನೀರು ಕುಡಿಯಿರಿ.

ಇತಿ ನಿಮ್ಮ,
ಉಷಾರಾಣಿ

ಮರೆತಿದ್ದು: 28-6-2020, ಭಾನುವಾರ.

ಕುಟ್ಟಪ್ಪ ಶುಕ್ರವಾರ ಹೊರಡಲಿಲ್ಲ. ಮಾಲು ತುಂಬುವುದು ತಡವಾಯಿತು, ನಾಳೆ ಬೆಳಗ್ಗೆ ಹೊರಡುತ್ತಾನೆ. ಕಾಗದ ಎರಡು ದಿನ ನನ್ನ ಹತ್ತಿರವೇ ಉಳಿಯಿತು. ನಿನ್ನೆ ಬಿಚ್ಚಿ ಮತ್ತೆ ಓದಿದೆ. ಕೊನೆಗೆ ಬಂದಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ತಪ್ಪು ನನ್ನದು ಅಂತ ಇಷ್ಟುದ್ದ ಬರೆದು, ಏನು ಮಾಡಲಿ ಅಂತ ಆ ಹೊರೆಯನ್ನೂ ತಿರುಗಿ ನಿಮ್ಮ ತಲೆಗೇ ಹಾಕಿದ್ದೇನೆ.

ಇವತ್ತು ಬೆಳಗ್ಗೆ ಏಳು ಮನೆಯವರನ್ನೂ ಕಣಕ್ಕೆ ಕರೆಸಿದೆ. ಎಲ್ಲರೂ ಮೂಗು ಬಾಯಿ ಕಟ್ಟಿಕೊಂಡು ದೂರ ದೂರ ನಿಂತಿದ್ದರು, ಹಿಂದೆ ಅತ್ತೆ, ವೀಣಾ, ಮುತ್ತಿ. ಬಾಯಿಮಾತಿನಲ್ಲಿ ಹೇಳಿದರೆ ಎಲ್ಲಾದರೂ ನುಣುಚಿಕೊಂಡೇನು ಅನ್ನಿಸಿತು, ಅದಕ್ಕೆ ಈ ಕಾಗದವನ್ನೇ ಓದಿದೆ. ಸ್ವೆಟರಿನ ಭಾಗ ಬಿಟ್ಟೆ. ಕೆಂಪಣ್ಣ ಮಾವ ಫೋನಿನ ಮಾತಿನ ಹತ್ತಿರ ತಡೆದು ‘ಅದ್ನ ಇನ್ನೊಂದ್ಸಲ ಓದವ್ವ’ ಅಂದರು. ಓದಿದೆ. ಅವರು ಚಪ್ಪಲಿ ಬಿಟ್ಟು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತರು.

ಇಬ್ಬರು, ನಮ್ಮ ಶುಂಠಿ ಇನ್ನು ಈ ಕಣ ಹತ್ತುವುದಿಲ್ಲ ಅಂತ ಹೇಳಿ ಹೊರಟುಹೋದರು. ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಶಿವಶಂಕರಪ್ಪನವರಿಗೆ ಸಂಜೆಯೊಳಗೆ ಮುಟ್ಟಿರುತ್ತದೆ. ಆಗಲಿ. ಕೆಂಪಣ್ಣ ಮಾವ ಮಾತ್ರ ಎಲ್ಲರೂ ಹೋಗುವವರೆಗೆ ಕೂತಿದ್ದು, ‘ನಿನ್ ಗಂಡ ಧರ್ಮುಂಗೆ ಬಂದ್ಬುಡು ಅಂತ ಬರಿ. ದುಡ್ಡಿನ್ ಮಾತು ಆಮೇಕೆ. ಡೇರೀಲಿ ನಾ ಅಂದಿದ್ದು ತಪ್ಪಾಯ್ತು ಅಂತ್ಲೂ ಬರಿ’ ಅಂದರು. ಬರೆದಿದ್ದೇನೆ.

ಆಮೇಲೆ ಕೇಳಿದರು, ‘ಇದು ಅವನ್ಗೆ ಗೊತ್ತೇನವ್ವ?’ ಅಂತ. ಇಲ್ಲ ಮಾವ, ಈ ಕಾಗದ ಸೇರಿದ ಮೇಲೆ ಗೊತ್ತಾಗುವುದು ಅಂದೆ. ‘ಕಟ್ಕಂಡೋನ್ಗೆ ಹೇಳೋಕ್ ಮುಂಚೆ ಊರ್ಗೆ ಹೇಳ್ಬುಟ್ಯಲ್ಲ’ ಅಂದರು. ಅವರಿಗೆ ಉತ್ತರ ಕೊಡಲಿಲ್ಲ, ನಿಮಗೆ ಕೊಡುತ್ತೇನೆ. ನಿಮಗೆ ಮೊದಲು ಹೇಳಿದ್ದರೆ ‘ಯಾರಿಗೂ ಹೇಳಬೇಡ ಉಷಾ, ನನ್ನ ಮೇಲೇ ಇರಲಿ’ ಅನ್ನುತ್ತಿದ್ದಿರಿ. ನಾನು ಹ್ಞೂಂ ಅಂದುಬಿಡುತ್ತಿದ್ದೆ.